ಟೀಪಾಯಿ ಮೇಲಿನ ಆ ಬಿಳಿ ಬಟ್ಟೆ ಯಾರಿಗಾಗಿ?

ಈ ಬೇಸಿಗೆಯಲ್ಲಿ ಹೊಸನಗರದ ಕಡೆ ಇರುವ ನಮ್ಮ ಹಳೇ ಮನೆಯ ಹೆಂಚು ಇಳಿಸಬೇಕಾಯಿತು. ಅಟ್ಟದಲ್ಲಿದ್ದದ್ದೆಲ್ಲ ಕೆಳಗೆ ಬಂತು. ಅದರಲ್ಲಿ ಒಂದು ತಗಡಿನ ಟ್ರಂಕು. ತೆಗೆದರೆ ನುಸಿಗುಳಿಗೆ ವಾಸನೆ, ಮೇಲೊಂದು ಹಳೇ ಪಂಚೆ, ಅದರ ಕೆಳಗೆ ಪದರ ಪದರ ಬಟ್ಟೆ. ರೇಡಿಯೋ ಕವರು, ಟಿವಿ ಕವರು, ಎದುರುಬದುರು ಕೂತ ಎರಡು ಗಿಳಿಗಳಿರುವ ದಿಂಬಿನ ಚೀಲ, ಅಂಚಿಗೆ ಮಣಿ ಪೋಣಿಸಿದ ತಟ್ಟೆ ಮುಚ್ಚುವ ಬಟ್ಟೆ, ಅರ್ಧಕ್ಕೇ ನಿಂತ ಉಲ್ಲನ್ ಟೊಪ್ಪಿ. ಎಲ್ಲದಕ್ಕಿಂತ ಕೆಳಗೆ, ಟೀಪಾಯಿ ಮೇಲೆ ಹಾಸುವ, ಕೊಕ್ಕೆ ಕಡ್ಡಿಯಲ್ಲಿ ದಾರದಿಂದ ಹಾಕಿದ ದುಂಡನೆಯ ಒಂದು ಬಿಳಿ ಕ್ರೋಶಾ ಬಟ್ಟೆ. ಅದನ್ನು ನೆಲದ ಮೇಲೆ ಹಾಸಿದರೆ ಚಪ್ಪಟೆಯಾಗಿ ಕೂರುತ್ತಿರಲಿಲ್ಲ. ಊಟದ ತಟ್ಟೆಯ ಕಂಠದ ಹಾಗೆ ಅಂಚು ಸ್ವಲ್ಪ ಮೇಲೆದ್ದಿತ್ತು.

"ಚಿಕ್ಕೀ, ಯಾರೋ ಸರಿಯಾಗಿ ಒಗೆದಿಲ್ಲ ಇದನ್ನ," ಎಂದಳು ಅಕ್ಕನ ಮಗಳು. ಆಮೇಲೆ ನಿಜವಾದ ಪ್ರಶ್ನೆ ಕೇಳಿದಳು. "ಅದ್ಸರಿ, ಇದನ್ನೆಲ್ಲ ಯಾಕೆ ಮಾಡ್ತಿದ್ರು? ಟಿವಿಗೆ ಯಾಕೆ ಬಟ್ಟೆ?"

ಅವಳು ಯೂಟ್ಯೂಬ್ ನೋಡಿ ಕ್ರೋಶಾ ಕಲಿತವಳು. ಹಾಕಲು ಬರುತ್ತದೆ, ಆದರೆ ಹಿಂದಿನವರು ಯಾಕೆ ಹಾಕುತ್ತಿದ್ದರು ಅಂತ ಗೊತ್ತಿಲ್ಲ. ಮಲೆನಾಡಿನಲ್ಲಿ ಈಗ ಇಂಥ ಟ್ರಂಕುಗಳು ಎಷ್ಟೋ ಮನೆಗಳಲ್ಲಿ ತೆರೆದುಕೊಳ್ಳುತ್ತಿವೆ. ದೊಡ್ಡವರು ಶಿವಮೊಗ್ಗಕ್ಕೋ ಬೆಂಗಳೂರಿಗೋ ಮಕ್ಕಳ ಮನೆಗೆ ಹೋಗುತ್ತಾರೆ, ಹಳೇ ಮನೆ ಹೋಮ್‌ಸ್ಟೇ ಆಗುತ್ತದೆ, ಅಜ್ಜಿಯ ಕೌದಿ ಗೋಡೆ ಮೇಲೆ ಏರುತ್ತದೆ. ಇನ್ನೊಂದು ಕಡೆ ಮೊಬೈಲು ತೆರೆದರೆ ಸಾಕು, ಕ್ರೋಶಾ ಟಾಪು, ಕ್ರೋಶಾ ಬ್ಯಾಗು. ಹಾಗಾಗಿ ಅವಳ ಪ್ರಶ್ನೆಗೆ ಬುಡದಿಂದಲೇ ಉತ್ತರ ಹೇಳೋಣ ಅನ್ನಿಸಿತು.

ಮೊದಲು ಹೆಸರುಗಳು

ನಾವು ಎಲ್ಲವನ್ನೂ "ಕಸೂತಿ" ಅಂತ ಒಂದೇ ಹೆಸರಲ್ಲಿ ಕರೆದುಬಿಡುತ್ತೇವೆ. ಆದರೆ ಇವು ಬೇರೆ ಬೇರೆ ಕೆಲಸಗಳು.

ನೇಯ್ಗೆ ಅಂದರೆ ಎರಡು ದಿಕ್ಕಿನ ಎಳೆ. ಚಾಪೆ ಹೆಣೆಯುವುದನ್ನು ನೋಡಿದ್ದೀರಲ್ಲ, ಒಂದು ಮೇಲೆ ಹೋದರೆ ಇನ್ನೊಂದು ಕೆಳಗೆ. ಮಗ್ಗದಲ್ಲಿ ಆಗುವುದೂ ಅದೇ, ಉದ್ದದ ಎಳೆ ಹಾಸು, ಅಡ್ಡದ್ದು ಹೊಕ್ಕು.

ಉಲ್ಲನ್ ಹೆಣಿಗೆಯಲ್ಲಿ ಇರುವುದು ಒಂದೇ ದಾರ, ಎರಡು ಕಡ್ಡಿ. ಸಾಲಿನ ಕುಣಿಕೆಗಳೆಲ್ಲ ಏಕಕಾಲಕ್ಕೆ ಕಡ್ಡಿ ಮೇಲೆ ಬಾಯಿ ತೆರೆದುಕೊಂಡು ಕೂತಿರುತ್ತವೆ. ಕಡ್ಡಿ ಜಾರಿದರೆ ಸಾಲೇ ಹೋಯಿತು.

ಕ್ರೋಶಾಕ್ಕೆ ಒಂದೇ ಕಡ್ಡಿ, ಅದರ ತುದಿಯಲ್ಲಿ ಸಣ್ಣ ಕೊಕ್ಕೆ. ಒಂದು ಕುಣಿಕೆಯೊಳಗಿಂದ ಇನ್ನೊಂದನ್ನು ಎಳೆಯುವುದು, ಅದರೊಳಗಿಂದ ಮತ್ತೊಂದನ್ನು. ಸಾಮಾನ್ಯವಾಗಿ ಕೈಯಲ್ಲಿ ಜೀವಂತ ಇರುವುದು ಒಂದೇ ಕುಣಿಕೆ. ಹಾಗಾಗಿ ಒಲೆ ಮೇಲಿನ ಹಾಲು ಉಕ್ಕಿದರೆ ಹಾಗೇ ಬಿಟ್ಟು ಓಡಬಹುದು, ವಾಪಸ್ ಬಂದು ಅಲ್ಲಿಂದಲೇ ಮುಂದುವರಿಸಬಹುದು. ಇದು ಚಿಕ್ಕ ವಿಷಯ ಅನ್ನಿಸಬಹುದು. ಆದರೆ ದಿನವಿಡೀ ಹತ್ತು ಜನ ಕರೆಯುವ ಹೆಂಗಸಿನ ಕೈಗೆ ಕ್ರೋಶಾ ಅಷ್ಟು ಚೆನ್ನಾಗಿ ಒಗ್ಗಿದ್ದಕ್ಕೆ ಇದೂ ಒಂದು ಕಾರಣ.

ಕಸೂತಿಯಲ್ಲಿ ಬಟ್ಟೆ ಮೊದಲೇ ಇರುತ್ತದೆ. ಅದು ಅಂಗಳ, ದಾರ ರಂಗೋಲಿ. ನೀಲಿ ಕಾರ್ಬನ್ ಹಾಳೆ ಇಟ್ಟು ಗಿಳಿ ಬರೆದುಕೊಂಡು ತುಂಬುವುದು ಒಂದು ಬಗೆ. ಧಾರವಾಡದ ಕಡೆಯ ಅಸಲಿ ಕಸೂತಿ ಹಾಗಲ್ಲ, ಅದು ಚುಕ್ಕಿ ರಂಗೋಲಿಯ ಹಾಗೆ. ಏನೂ ಬರೆದುಕೊಳ್ಳದೆ ಬಟ್ಟೆಯ ಎಳೆಗಳನ್ನೇ ಎಣಿಸಿ ತೇರು, ಗೋಪುರ, ತುಳಸಿಕಟ್ಟೆ, ಅಂಬಾರಿ ಹೊತ್ತ ಆನೆ ಮೂಡಿಸುತ್ತಾರೆ. ಅದರಲ್ಲಿ ನಾಲ್ಕು ಹೊಲಿಗೆ: ಗವಂತಿ, ಮುರ್ಗಿ, ನೇಯ್ಗಿ, ಮೆಂತೆ. ಗವಂತಿ, ಮುರ್ಗಿ ಹಾಕಿದರೆ ಬಟ್ಟೆಯ ಎರಡೂ ಮಗ್ಗುಲು ಒಂದೇ ರೀತಿ ಕಾಣುತ್ತದೆ.

ಹಳೇ ಬಟ್ಟೆ ಪದರಗಳನ್ನು ಜೋಡಿಸಿ ಉದ್ದಕ್ಕೂ ಹೊಲಿಗೆ ಎಳೆದರೆ ಅದು ಕೌದಿ.

ಈ ಕ್ರೋಶಾ ನಮ್ಮ ಹಳ್ಳಿಯದ್ದಲ್ಲ

ಇಷ್ಟು ಮನೆಯದ್ದಾಗಿ ಕಾಣುವ ಕ್ರೋಶಾ ಹೊರಗಿನಿಂದ ಬಂದದ್ದು. 19ನೇ ಶತಮಾನದಲ್ಲಿ ಯುರೋಪಿನಲ್ಲಿ ಹಬ್ಬಿತು. ಹೆಸರು ಫ್ರೆಂಚ್ ಭಾಷೆಯದ್ದು, ಕೊಕ್ಕೆ ಅಂತಲೇ ಅರ್ಥ. 1840ರ ದಶಕದಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆ ಕೊಳೆತು ಭಾರೀ ಬರಗಾಲ ಬಂದಾಗ ಎಷ್ಟೋ ಮನೆಗಳು ಕ್ರೋಶಾ ಲೇಸು ಮಾರಿ ಗಂಜಿ ಕಂಡವು. ಅಡಿಕೆ ಬೆಳೆಯುವವರಿಗೆ ಆ ಕಷ್ಟ ಬೇಗ ಅರ್ಥವಾಗುತ್ತದೆ, ಯಾಕಂದರೆ ಆಲೂಗಡ್ಡೆಯ ಆ ರೋಗ ಮತ್ತು ನಮ್ಮ ತೋಟದ ಕೊಳೆರೋಗ ಎರಡೂ ಒಂದೇ ಕುಲದ ಜೀವಿಯಿಂದ ಬರುವಂಥವು, ಫೈಟಾಫ್ತೊರಾ ಅಂತ ಅದರ ಹೆಸರು.

ಭಾರತದಲ್ಲಿ ಇದು ಹರಡಿದ್ದು ಹೆಚ್ಚಾಗಿ ಮಿಷನರಿಗಳಿಂದ, ಅವರ ಶಾಲೆಗಳಿಂದ. ಆಂಧ್ರದ ನರಸಾಪುರದಲ್ಲಿ ಅದೇ ಒಂದು ದೊಡ್ಡ ಕಸುಬಾಯಿತು. ನಮ್ಮ ಕಡೆ ಕಸುಬು ಆಗಲಿಲ್ಲ. ಶಾಲೆಯ ಹೊಲಿಗೆ ಟೀಚರು, ವಾರಪತ್ರಿಕೆಯ ನಕ್ಷೆ, ಪಕ್ಕದ ಮನೆ ಅತ್ತಿಗೆ, ಹೀಗೆ ಕೈಯಿಂದ ಕೈಗೆ ಬಂತು.

ಮುಚ್ಚುವುದು ಯಾಕೆ?

ಧೂಳು ಕೂರಬಾರದು ಅಂತ. ಎಲ್ಲರೂ ಕೊಡುವ ಉತ್ತರ ಇದೇ. ಆದರೆ ಯೋಚನೆ ಮಾಡಿ, ಕ್ರೋಶಾ ತುಂಬ ಬರೀ ತೂತು. ಧೂಳು ತಡೆಯಲು ಹಳೇ ಲುಂಗಿ ಸಾಕಾಗುತ್ತಿತ್ತು, ಅಲ್ವಾ?

ಒಂದು ಹಳೇ ಕಥೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಗಂಡಸರು ತಲೆಗೆ ಮಕಾಸರ್ ಎಣ್ಣೆ ಎಂಬುದನ್ನು ಹಚ್ಚುತ್ತಿದ್ದರು. ಇಂಡೋನೇಷ್ಯಾದ ಮಕಾಸರ್ ಬಂದರಿನಿಂದ ಬಂದ ಹೆಸರದು. ಒರಗಿದ ಕುರ್ಚಿಯ ಬೆನ್ನೆಲ್ಲ ಜಿಡ್ಡಾಗುತ್ತಿತ್ತು. ಅದಕ್ಕೆ ಅಂತಲೇ ಹೆಂಗಸರು ಒಂದು ತುಂಡು ಬಟ್ಟೆ ಹೊದಿಸಲು ಶುರು ಮಾಡಿದರು, ಅದಕ್ಕೆ "ಆಂಟಿಮಕಾಸರ್" ಅಂತ ಹೆಸರಾಯಿತು. ಆಮೇಲೆ ಎಣ್ಣೆಯ ಫ್ಯಾಷನ್ ಹೋಯಿತು, ಬಟ್ಟೆ ಉಳಿಯಿತು. ನಮ್ಮ ಜಗಲಿಯ ಆರಾಮ ಕುರ್ಚಿಯಲ್ಲಿ ಅಜ್ಜನ ತಲೆ ಒರಗುವ ಜಾಗದಲ್ಲಿ ಇದ್ದದ್ದೂ ಅದೇ ಬಟ್ಟೆ. ನಮ್ಮಲ್ಲಿ ಮಕಾಸರ್ ಬದಲು ತೆಂಗಿನೆಣ್ಣೆ, ಅಷ್ಟೇ.

ಅಂದರೆ ಶುರುವಾಗುವಾಗ ಉಪಯೋಗ ಇರುತ್ತದೆ. ಉಪಯೋಗ ಹೋದ ಮೇಲೂ ಬಟ್ಟೆ ಉಳಿದರೆ ಅದಕ್ಕೆ ಬೇರೆ ಅರ್ಥ ಕೂಡಿಕೊಂಡಿದೆ ಅಂತ ತಿಳಿಯಬೇಕು.

ಆ ಅರ್ಥ ಏನು ಅಂತ ನೋಡಲು ಬೇರೆಲ್ಲಿ ಬಟ್ಟೆ ಮುಚ್ಚುತ್ತೇವೆ ಅಂತ ನೆನಪಿಸಿಕೊಳ್ಳಿ. ಮದುವೆಗೆ ಒಯ್ಯುವ ತಟ್ಟೆಗೆ, ದೇವರ ಪೀಠಕ್ಕೆ, ಬೀಗರಿಗೆ ಕೊಡುವ ಬಾಗಿನಕ್ಕೆ. ಬರಿದಾಗಿ ಕೊಡುವುದಕ್ಕೂ ಮುಚ್ಚಿ ಕೊಡುವುದಕ್ಕೂ ಇರುವ ವ್ಯತ್ಯಾಸ ನಮಗೆ ಯಾರೂ ಹೇಳಿಕೊಡದೆ ಗೊತ್ತಿದೆ. ಮುಚ್ಚುವುದು ಅಂದರೆ ಮರ್ಯಾದೆ ಕೊಡುವುದು. 1980ರ ದಶಕದಲ್ಲಿ ಟಿವಿ ನಮ್ಮ ಹಳ್ಳಿಗಳಿಗೆ ಬಂದಾಗ ಅದು ಮನೆಯ ಅತಿ ದುಬಾರಿ ವಸ್ತು. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದ ಮೇಲೆ ಭಾನುವಾರ ಬೆಳಿಗ್ಗೆ ಅರ್ಧ ಊರು ಟಿವಿ ಇದ್ದ ಮನೆಯಲ್ಲಿ ಕೂರುತ್ತಿತ್ತು. ಅಂಥ ವಸ್ತುವಿಗೆ ಮನೆಯಾಕೆ ತನ್ನ ಕೈಯಾರೆ ಹಾಕಿದ ಬಟ್ಟೆ ಹೊದಿಸಿದಳು ಅಂದರೆ, ಅಂಗಡಿಯಿಂದ ಬಂದ ಪೆಟ್ಟಿಗೆಯನ್ನು "ಇದು ಈಗ ನಮ್ಮನೆಯದು" ಅಂತ ಮನೆ ತುಂಬಿಸಿಕೊಂಡ ಹಾಗೆ.

ಒಳಗಿನ ಕೈ, ಜಗಲಿಯ ಕಣ್ಣು

ನನಗೆ ಇಡೀ ವಿಷಯದ ಜೀವ ಇರುವುದು ಇಲ್ಲಿ.

ಹಳೇ ಮಲೆನಾಡ ಮನೆಯ ನಕ್ಷೆ ಕಣ್ಣಮುಂದೆ ತಂದುಕೊಳ್ಳಿ. ಹೊರಗೆ ಅಂಗಳ, ಮೆಟ್ಟಿಲು ಹತ್ತಿದರೆ ಜಗಲಿ, ಅದರಾಚೆ ನಡುಮನೆ, ಹಿಂದೆ ಅಡುಗೆಮನೆ, ಬಚ್ಚಲು, ಕೊಟ್ಟಿಗೆ. ಬಂದ ನೆಂಟ, ಅಡಿಕೆ ವ್ಯಾಪಾರದವರು, ಪಟೇಲರು, ಮೇಷ್ಟ್ರು ಎಲ್ಲರೂ ಕೂರುವುದು ಜಗಲಿಯಲ್ಲಿ. ಮಾತಾಡುವುದು ಗಂಡಸರು. ಹೆಂಗಸರು ಬಾಗಿಲ ಸಂದಿಯಿಂದ ನೀರು, ಬೆಲ್ಲ, ಕಾಫಿ ಕಳಿಸುತ್ತಾರೆ. ಹೊಸದಾಗಿ ಬಂದ ಸೊಸೆಯಾದರೆ ಅದೂ ಇಲ್ಲ.

ಈಗ ಹೇಳಿ, ಕ್ರೋಶಾ ಎಲ್ಲಿರುತ್ತಿತ್ತು? ಅಡುಗೆಮನೆಯಲ್ಲಿ ಅಲ್ಲ. ಅವಳು ದಿನದ ಹದಿನಾಲ್ಕು ಗಂಟೆ ಕಳೆಯುತ್ತಿದ್ದ ಜಾಗದಲ್ಲಿ ಒಂದು ಚೂರೂ ಇಲ್ಲ. ಇದ್ದದ್ದೆಲ್ಲ ಜಗಲಿಯಲ್ಲಿ. ಟೀಪಾಯಿ ಮೇಲೆ, ಕುರ್ಚಿ ಬೆನ್ನಿಗೆ, ರೇಡಿಯೋ ಮೇಲೆ, ಬಾಗಿಲ ತೋರಣದಲ್ಲಿ. ಅವಳು ಹೋಗಿ ಕೂರಲಾಗದ ಜಾಗದಲ್ಲಿ ಅವಳ ಕೈಕೆಲಸ ಹೋಗಿ ಕೂತಿರುತ್ತಿತ್ತು. ಬಂದವರು ಕಾಫಿ ಲೋಟ ಇಡುವಾಗ ಒಮ್ಮೆ ಅದನ್ನು ನೋಡುತ್ತಿದ್ದರು, "ಯಾರು ಹಾಕಿದ್ದು ಇದು?" ಅಂತ ಕೇಳುತ್ತಿದ್ದರು. ಆ ಒಂದು ಪ್ರಶ್ನೆಗೆ ಉತ್ತರವಾಗಿ ಅವಳ ಹೆಸರು ಜಗಲಿಯಲ್ಲಿ ಕೇಳಿಸುತ್ತಿತ್ತು.

ಹೆಣ್ಣು ನೋಡಲು ಬಂದಾಗಲಂತೂ ಇದು ನೇರವಾಗಿಯೇ ನಡೆಯುತ್ತಿತ್ತು. ದಿಂಬಿನ ಚೀಲ, ತೋರಣ, ಮಣಿ ಬಟ್ಟೆ ಎಲ್ಲ ಹೊರಗೆ ಬರುತ್ತಿತ್ತು. "ಎಲ್ಲ ನಮ್ಮ ಹುಡುಗಿಯೇ ಹಾಕಿದ್ದು" ಅನ್ನುವ ಮಾತಿಗೆ ಬೇಕಾದಷ್ಟು ಅರ್ಥ. ತಾಳ್ಮೆ ಇದೆ, ಲೆಕ್ಕ ಬರುತ್ತದೆ, ಕೈ ಸುಮ್ನೆ ಇರುವುದಿಲ್ಲ, ಹಿಡಿದ ಕೆಲಸ ಮುಗಿಸುತ್ತಾಳೆ. ಹುಡುಗಿಯನ್ನು ಹೀಗೆ ಅಳೆಯುವುದು ಸರಿಯಾ ಅಂತ ಕೇಳಿದರೆ ಖಂಡಿತ ಅಲ್ಲ. ಓದಿನಲ್ಲಿ ಚುರುಕಿದ್ದು ಹೊಲಿಗೆ ಬಾರದ ಹುಡುಗಿಯರು ಅದೇ ಜಗಲಿಯಲ್ಲಿ ತಲೆ ತಗ್ಗಿಸಿ ಕೂತಿದ್ದೂ ಉಂಟು. ಎರಡೂ ನಿಜ. ಅದೇ ಬಟ್ಟೆ ಒಬ್ಬಳಿಗೆ ಮಾತು ಕೊಟ್ಟಿತು, ಇನ್ನೊಬ್ಬಳಿಗೆ ಪರೀಕ್ಷೆಯಾಯಿತು.

ನಕ್ಷೆಗಳು ಓಡಾಡಿದ ದಾರಿಯೂ ಹೆಣ್ಣುಮಕ್ಕಳದ್ದೇ. ಮದುವೆಯಾಗಿ ತೀರ್ಥಹಳ್ಳಿ ಕಡೆಗೆ ಹೋದವಳು ತವರಿನ ಅನಾನಸ್ ನಕ್ಷೆಯ ಒಂದು ಮಾದರಿ ತುಂಡನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಹೋಗುತ್ತಿದ್ದಳು. ಅಲ್ಲಿ ನಾದಿನಿ ಅದನ್ನು ನೋಡಿ ಕಲಿತಳು, ಅವಳು ಮದುವೆಯಾಗಿ ಕೊಪ್ಪಕ್ಕೆ ಒಯ್ದಳು. ಪುಸ್ತಕ ಬೇಡ, ತುಂಡು ಕೈಯಲ್ಲಿದ್ದರೆ ಎಣಿಸಿಕೊಂಡು ಹಾಕಬಹುದು. ಜಮೀನು ಗಂಡುಮಕ್ಕಳ ಹೆಸರಲ್ಲಿ ಒಂದೇ ಜಾಗದಲ್ಲಿ ಇರುತ್ತಿತ್ತು. ಹೆಣ್ಣುಮಕ್ಕಳ ಆಸ್ತಿ ಹೀಗೆ ಊರಿಂದ ಊರಿಗೆ ನಡೆಯುತ್ತಿತ್ತು.

ಬಿಳಿ ಯಾಕೆ?

ಕೆಂಪು ಮಣ್ಣು, ಸೌದೆ ಒಲೆ, ನಾಲ್ಕು ತಿಂಗಳ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಇಂಥ ಕಡೆ ಬಿಳಿ ದಾರದಲ್ಲಿ ಬಟ್ಟೆ ಹಾಕುವುದು ಅಂದರೆ ಎಂಥ ಧೈರ್ಯ!

ಅದೇ ಕಾರಣಕ್ಕೆ ಬಿಳಿಗೆ ಬೆಲೆ. ಕರಿ ಹಿಡಿಯುವ ಜಾಗದಲ್ಲಿ ಬಿಳಿಯನ್ನು ಬಿಳಿಯಾಗಿಟ್ಟ ಮನೆ ಅಂದರೆ ಅಲ್ಲಿ ಒಗೆಯಲು ಕೈ ಇದೆ, ಒಣಗಿಸಲು ಜಾಗ ಇದೆ, ಗಂಜಿ ಹಾಕಿ ಬಿಗಿ ಮಾಡಲು ಪುರುಸೊತ್ತು ಇದೆ ಅಂತ ಅರ್ಥ. ಅಂದರೆ ಅದು ಸ್ವಲ್ಪ ಅನುಕೂಲಸ್ಥರ ಗುರುತು. ಆಷಾಢದ ಮಳೆಯಲ್ಲಿ ಸಸಿ ನೆಡುವವಳ ಕೈಗೆ ಬಿಳಿ ದಾರ ಹಿಡಿಯುವ ಹೊತ್ತಿರಲಿಲ್ಲ. ಅವಳ ತಲೆ ಮೇಲೆ ಕಂಬಳಿ ಕೊಪ್ಪೆ ಇತ್ತು. ಆ ಕರಿ ಕಂಬಳಿಗೂ ಮರ್ಯಾದೆ ಕಡಿಮೆಯಿಲ್ಲ. ಕುರುಬರಲ್ಲಿ ಕಂಬಳಿ ಹಾಸಿ ಗದ್ದುಗೆ ಮಾಡಿ ಅದರ ಮೇಲೆ ದೇವರನ್ನು ಕೂರಿಸುತ್ತಾರೆ. ಆದರೆ ಕಂಬಳಿ ಯಾರ ಟೀಪಾಯಿ ಮೇಲೂ ಏರಲಿಲ್ಲ. ಅಲಂಕಾರ ಯಾವುದು, ಬರೀ ಬಳಕೆ ಯಾವುದು ಅಂತ ನಿರ್ಧರಿಸಿದವರು ಜಗಲಿಯಲ್ಲಿ ಕೂತವರೇ.

ಹತ್ತಿ, ಹಳೇ ಸೀರೆ

ಗೆಜ್ಜೆವಸ್ತ್ರವನ್ನು ನಾವು ಬಟ್ಟೆ ಅಂತ ಲೆಕ್ಕಕ್ಕೇ ತಗೊಳ್ಳುವುದಿಲ್ಲ, ಆದರೆ ಹೆಸರಲ್ಲೇ ವಸ್ತ್ರ ಇದೆ. ಮಗ್ಗವೂ ಇಲ್ಲ, ಸೂಜಿಯೂ ಇಲ್ಲ. ಬೀಜ ಬಿಡಿಸಿದ ಹತ್ತಿಯನ್ನು ಎಳೆದು, ಬೆರಳಿಗೆ ಹಾಲೋ ವಿಭೂತಿಯೋ ಸವರಿಕೊಂಡು ಹೊಸೆಯುತ್ತ ಹೋದರೆ ನಡುನಡುವೆ ಗುಂಡಗಿನ ಗೆಜ್ಜೆ, ಅವುಗಳಿಗೆ ಕುಂಕುಮದ ಬೊಟ್ಟು. ಗೌರಿಗೆ ಹದಿನಾರು, ಗಣಪತಿಗೆ ಇಪ್ಪತ್ತೊಂದು ಅನ್ನುವ ರೂಢಿ ಹಲವು ಮನೆಗಳಲ್ಲಿ ಇದೆ. ಶ್ರಾವಣ ಬರುವ ಮೊದಲೇ ಅಜ್ಜಿಯಂದಿರು ಹೊಸೆದು ಡಬ್ಬಿಯಲ್ಲಿ ತುಂಬಿ ನೆಂಟರಿಷ್ಟರ ಮನೆಗೆಲ್ಲ ಹಂಚುತ್ತಾರೆ. ಹೊಲಿಯಲು ಕಣ್ಣು ಕಾಣದ ವಯಸ್ಸಿನಲ್ಲೂ ಇದನ್ನು ಬೆರಳೇ ಮಾಡುತ್ತದೆ.

ಕೌದಿ ಇದರ ಇನ್ನೊಂದು ತುದಿ. ದೇವರಿಗೆ ಹೊಸ ಹತ್ತಿ, ಮಗುವಿಗೆ ಹಳೇ ಸೀರೆ. ಹತ್ತಾರು ವರ್ಷ ಒಗೆದು ಒಗೆದು ಮೆತ್ತಗಾದ ಸೀರೆಗಿಂತ ಹಿತವಾದ ಬಟ್ಟೆ ಅಂಗಡಿಯಲ್ಲಿ ಸಿಗುವುದಿಲ್ಲ. ಅದರಲ್ಲಿ ಅಜ್ಜಿಯ ದಿನನಿತ್ಯದ ಸೀರೆ, ಅಮ್ಮನ ಬಾಣಂತನದ ಸೀರೆ, ಯಾರದ್ದೋ ಲಂಗದ ತುಂಡು ಎಲ್ಲ ಸೇರಿರುತ್ತದೆ. ನಮ್ಮ ಪಕ್ಕದ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳಲ್ಲಿ ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ತ್ರಿಕೋನ ತುಂಡುಗಳನ್ನು ಸೇರಿಸುತ್ತಾರೆ. ಅದಕ್ಕೆ ಫುಲಾ, ಅಂದರೆ ಹೂವು, ಅಂತ ಹೆಸರು. ಹೊದೆಯುವುದಕ್ಕೆ ಅದರಿಂದ ಏನೂ ಆಗಬೇಕಿಲ್ಲ. ಆದರೂ ಮೂಲೆಗೆ ಹೂವಿಲ್ಲದಿದ್ದರೆ ಕೌದಿ ಪೂರ್ತಿಯಾಗಿಲ್ಲ ಅಂತಲೇ ಲೆಕ್ಕ.

ಉಟ್ಟವರ ಗುರುತು

ಶಿವಮೊಗ್ಗ, ಶಿಕಾರಿಪುರ, ಭದ್ರಾವತಿ ಸುತ್ತಮುತ್ತ ಲಂಬಾಣಿ ತಾಂಡಾಗಳಿವೆ. ಸಂತ ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪ ಇರುವುದು ಈಗ ದಾವಣಗೆರೆ ಜಿಲ್ಲೆಯಲ್ಲಿ. 1997ರಲ್ಲಿ ಆ ಜಿಲ್ಲೆ ಆಗುವ ಮೊದಲು ಅದೂ ಶಿವಮೊಗ್ಗಕ್ಕೇ ಸೇರಿತ್ತು. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದೇಶವಿಡೀ ಓಡಾಡಿದ ಜನ ಇವರು. ರೈಲು ಬಂದ ಮೇಲೆ ಆ ಕಸುಬು ಹೋಯಿತು.

ಜಗಲಿಯೇ ಇಲ್ಲದೆ ಸದಾ ದಾರಿಯಲ್ಲಿದ್ದವರು ಅಲಂಕಾರವನ್ನು ಎಲ್ಲಿಡಬೇಕು? ಮೈಮೇಲೆ. ಫೇಟಿಯಾ ಅನ್ನುವ ಲಂಗ, ಕಾಂಚಳಿ ಅನ್ನುವ ರವಿಕೆ, ಅದರ ತುಂಬ ಕನ್ನಡಿ ಚೂರು, ಕವಡೆ, ನಾಣ್ಯ, ಒತ್ತೊತ್ತಾದ ಹೊಲಿಗೆ. ದೂರದಿಂದಲೇ ನಮ್ಮವರು ಅಂತ ಗುರುತು ಹಿಡಿಯಬಹುದು. ಪೇಟೆಯಲ್ಲಿ ಜನ ತಿರುಗಿ ನೋಡುತ್ತಾರೆ, ಏನೋ ಅನ್ನುತ್ತಾರೆ ಅಂತ ಎಷ್ಟೋ ಹುಡುಗಿಯರು ಇದನ್ನು ಬಿಟ್ಟು ಸೀರೆ, ಚೂಡಿದಾರ್ ಹಾಕಿಕೊಂಡರು. ಈಗ ಅದೇ ಕಸೂತಿ ಪೇಟೆಯ ಬ್ಯಾಗಿನ ಮೇಲೆ, ದಿಂಬಿನ ಮೇಲೆ ಬಂದಿದೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು ಸಿಕ್ಕಿದೆ, ಅಂದರೆ ಆ ಹೆಸರನ್ನು ಬೇರೆ ಊರಿನವರು ಹಾಕಿಕೊಂಡು ಮಾರುವಂತಿಲ್ಲ. 2023ರ ಜುಲೈಯಲ್ಲಿ ಹಂಪಿಯ ಜಿ20 ಸಭೆಯ ಹೊತ್ತಿಗೆ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಹೊಲಿದ 1,755 ವಸ್ತುಗಳನ್ನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು. ಉಟ್ಟವಳನ್ನು ನೋಡಿ ಮುಖ ತಿರುಗಿಸಿದವರೇ ಅದನ್ನು ಕೊಳ್ಳುವಾಗ ಹೊಗಳುತ್ತಾರೆ. ಆ ಹೊಗಳಿಕೆ ಉಟ್ಟವಳಿಗೂ ಸಲ್ಲಬೇಕು ಅನ್ನುವುದು ನನ್ನ ಆಸೆ.

ಹಾಗಾದರೆ ಎಲ್ಲಿ ಹೋಯಿತು?

ಟಿವಿ ಚಪ್ಪಟೆ ಆಯಿತು. ಬಟ್ಟೆ ಹಾಸಲು ಅದರ ತಲೆ ಮೇಲೆ ಜಾಗವೇ ಉಳಿಯಲಿಲ್ಲ! ರೇಡಿಯೋ ಮೊಬೈಲಿನೊಳಗೆ ಹೋಯಿತು. ಟೀಪಾಯಿಗೆ ಗಾಜು ಬಂತು, ಇಲ್ಲದಿದ್ದರೆ ಸಂತೆಯಲ್ಲಿ ಸಿಗುವ ಪ್ಲಾಸ್ಟಿಕ್ ಲೇಸು, ಒರೆಸಿದರೆ ಆಯಿತು. ಹೆಣ್ಣುಮಕ್ಕಳು ಕೆಲಸಕ್ಕೆ ಹೊರಟರು, ಜಗಲಿಯಲ್ಲಿ ತಾವೇ ಕೂತು ಮಾತಾಡತೊಡಗಿದರು. ತಮ್ಮ ಪರವಾಗಿ ಬಟ್ಟೆ ಮಾತಾಡಬೇಕಾದ ಅಗತ್ಯ ಕಡಿಮೆಯಾಯಿತು. ಇದು ಒಳ್ಳೆಯದೇ.

ಆದರೆ ಕಡ್ಡಿ ಮೂಲೆ ಸೇರಲಿಲ್ಲ. ಸೀರೆ ಸೆರಗಿನ ಕುಚ್ಚು ನೋಡಿ. ಮಣಿ ಹಾಕಿ ಕಮಾನು ಕಮಾನಾಗಿ ಕಟ್ಟುವ ಕುಚ್ಚು ಅದೇ ಕ್ರೋಶಾ ಕಡ್ಡಿಯ ಕೆಲಸ, ಚೈನು, ಕಂಬ ಅನ್ನುವ ಅದೇ ಕ್ರೋಶಾ ಹೊಲಿಗೆಗಳು. ಶಿವಮೊಗ್ಗದ ಬಡಾವಣೆಗಳಲ್ಲಿ "ಇಲ್ಲಿ ಸೀರೆಗೆ ಕುಚ್ಚು ಹಾಕಿಕೊಡಲಾಗುವುದು" ಅನ್ನುವ ಬೋರ್ಡು ಮನೆ ಗೇಟಿನಲ್ಲೇ ನೇತಾಡುತ್ತದೆ. ರವಿಕೆಗೆ ಆರಿ ವರ್ಕ್ ಮಾಡುವವರ ಸೂಜಿಗೂ ತುದಿಯಲ್ಲಿ ಕೊಕ್ಕೆ ಇದೆ. ನಾಲ್ಕು ಜನರ ಕಣ್ಣು ಎಲ್ಲಿ ಬೀಳುತ್ತದೋ ಹೊಲಿಗೆ ಅಲ್ಲಿಗೆ ಹೋಗುತ್ತದೆ. ಮೊದಲು ಜಗಲಿ, ಆಮೇಲೆ ಟಿವಿ, ಈಗ ಮದುವೆ ಮನೆಯಲ್ಲಿ ಫೋಟೋಕ್ಕೆ ನಿಂತಾಗಿನ ಸೆರಗು, ರವಿಕೆಯ ಬೆನ್ನು.

ಇನ್ನೂ ಒಂದು ಬದಲಾವಣೆ ಆಗಿದೆ, ಕುಚ್ಚಿಗೆ ದುಡ್ಡು ಕೊಡುತ್ತಾರೆ.

ಬೆಲೆಯ ಲೆಕ್ಕ

ನಿಮಗೆ ಗೊತ್ತಿರಲಿ, ಕಾರ್ಖಾನೆಯಲ್ಲಿ ರಾಶಿ ರಾಶಿ ಕ್ರೋಶಾ ಹಾಕುವ ಯಂತ್ರ ಇವತ್ತಿಗೂ ಬಳಕೆಗೆ ಬಂದಿಲ್ಲ. ಯಂತ್ರದ್ದು ಅಂತ ಸಿಗುವುದು ಹೆಚ್ಚಾಗಿ ಹೆಣಿಗೆ ಯಂತ್ರದ ಬಟ್ಟೆ, ಕ್ರೋಶಾದ ಹಾಗೆ ಕಾಣುತ್ತದೆ ಅಷ್ಟೇ. ನಿಜವಾದ ಕ್ರೋಶಾ ಎಲ್ಲಿ ಸಿಕ್ಕರೂ ಅದರ ಹಿಂದೆ ಒಬ್ಬರ ಕೈ ಇದೆ.

ನಮ್ಮ ಹುಡುಗಿ ಒಂದು ಸಣ್ಣ ಟಾಪು ಹಾಕಲು 32 ಗಂಟೆ ತಗೊಂಡಳು. ದಿನಕ್ಕೆ ಎಂಟು ಗಂಟೆ ಅಂದರೆ ನಾಲ್ಕು ದಿನ. 2024-25ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 349 ರೂಪಾಯಿ. ಆ ಲೆಕ್ಕದಲ್ಲಿ ಕೂಲಿಯೇ 1,396 ರೂಪಾಯಿ, ದಾರದ ದುಡ್ಡು ಬೇರೆ. ಆನ್‌ಲೈನಿನಲ್ಲಿ ಅಂಥದ್ದೇ ಒಂದು 699ಕ್ಕೆ ಇತ್ತು. ಅದು ಯಂತ್ರದ ನಕಲು ಆಗಿರಬೇಕು, ಅಲ್ಲದಿದ್ದರೆ ಎಲ್ಲೋ ಯಾರಿಗೋ ಕೂಲಿ ಸಿಕ್ಕಿಲ್ಲ.

ಕೂಲಿ ಯಾಕೆ ಸಿಗುವುದಿಲ್ಲ? ಮನೆಯಲ್ಲಿ ಕೂತು ಮಾಡುವ ಕೆಲಸವನ್ನು ಕೆಲಸ ಅಂತ ಎಣಿಸುವ ಅಭ್ಯಾಸ ನಮಗಿಲ್ಲ. ಮರಿಯಾ ಮೀಸ್ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞೆ ನರಸಾಪುರದ ಲೇಸು ಹೆಂಗಸರ ಬಗ್ಗೆ ನಡೆಸಿದ ಅಧ್ಯಯನ 1982ರಲ್ಲಿ ಪ್ರಕಟವಾಯಿತು. ಅವರ ಲೇಸು ವಿದೇಶಕ್ಕೆ ಹೋಗುತ್ತಿತ್ತು, ವ್ಯಾಪಾರಿಗಳು ಶ್ರೀಮಂತರಾಗುತ್ತಿದ್ದರು, ಆದರೆ ದಿನಕ್ಕೆ ಗಂಟೆಗಟ್ಟಲೆ ದುಡಿದವರನ್ನು "ಗೃಹಿಣಿಯರು, ಬಿಡುವಿನಲ್ಲಿ ಮಾಡುತ್ತಾರೆ" ಅಂತ ಹೇಳಿ ಪುಡಿಗಾಸು ಕೊಡುತ್ತಿದ್ದರು. "ಟೈಂಪಾಸ್‌ಗೆ ಮಾಡ್ತಾಳೆ" ಅಂತ ನಾವೂ ಅಂದಿಲ್ಲವಾ?

ಬೇರೆ ದಾರಿಯೂ ನಮ್ಮಲ್ಲೇ ಇದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ ಚರಕ ಅನ್ನುವ ಮಹಿಳೆಯರ ಸಹಕಾರ ಸಂಘ 1996ರಿಂದ ಇದೆ, ರಂಗಕರ್ಮಿ ಪ್ರಸನ್ನ ಅದನ್ನು ಕಟ್ಟಲು ನಿಂತವರು. ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು ನೇಯುತ್ತಾರೆ, ಬಣ್ಣ ಕಟ್ಟುತ್ತಾರೆ, ಹೊಲಿಯುತ್ತಾರೆ. ಅಲ್ಲಿನ ಒಂದು ಬಣ್ಣ ಬರುವುದು ಅಡಿಕೆ ಚೊಗರಿನಿಂದ. ಅಡಿಕೆ ಬೇಯಿಸಿದ ಆ ಕೆಂಪು ನೀರು ಕೈಗೆ ಅಂಟಿದರೆ ಹೋಗುವುದಿಲ್ಲ ಅಂತ ನಾವು ಬೈದುಕೊಳ್ಳುತ್ತಿದ್ದೆವು. ಬಟ್ಟೆಗೂ ಅದು ಹಾಗೇ ಗಟ್ಟಿಯಾಗಿ ಹಿಡಿಯುತ್ತದೆ.

ನಿಮ್ಮ ಟ್ರಂಕಿನಲ್ಲೂ ಸಿಕ್ಕರೆ

ಮೆಷಿನ್ನಿಗೆ ಹಾಕಬೇಡಿ. ಅಂಟುವಾಳದ ನೀರಲ್ಲಿ ನೆನೆಸಿ, ಹಿಂಡದೆ ಒತ್ತಿ ನೀರು ತೆಗೆಯಿರಿ. ತಂತಿ ಮೇಲೆ ನೇತುಹಾಕಿದರೆ ನೀರಿನ ಭಾರಕ್ಕೆ ಕುಣಿಕೆಗಳು ಜಗ್ಗುತ್ತವೆ, ಅದಕ್ಕೆ ಚಾಪೆ ಮೇಲೆ ಹರಡಿ ನೆರಳಲ್ಲಿ ಒಣಗಿಸಿ. ಗಂಜಿ ಹಾಕಿ ಎತ್ತಿಡಬೇಡಿ, ಹುಳ ಬರುತ್ತದೆ. ಪ್ಲಾಸ್ಟಿಕ್ ಚೀಲವೂ ಬೇಡ, ನಮ್ಮ ಮಳೆಗೆ ಒಳಗೇ ಬೂಷ್ಟು ಹಿಡಿಯುತ್ತದೆ. ಹಳೇ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಮತ್ತೆ, ಹಾಕಿದವರು ಇನ್ನೂ ಇದ್ದರೆ ಕೇಳಿ. ಯಾರು ಹಾಕಿದ್ದು, ಯಾವಾಗ, ಯಾರಿಗೆ ಅಂತ ಒಂದು ಚೀಟಿ ಬರೆದು ಜೊತೆಗಿಡಿ.

ನಾವೂ ಕೇಳಿದೆವು. ದೊಡ್ಡಮ್ಮ ಈಗ ಶಿವಮೊಗ್ಗದಲ್ಲಿ ಮಗನ ಮನೆಯಲ್ಲಿದ್ದಾರೆ. ಆ ದುಂಡನೆ ಬಟ್ಟೆ ಒಯ್ದು ಅವರ ಮಡಿಲಲ್ಲಿ ಇಟ್ಟೆವು. ಕನ್ನಡಕ ಹುಡುಕಲಿಲ್ಲ, ಬೆರಳಲ್ಲೇ ಸವರುತ್ತ ನಡುವಿನಿಂದ ಸುತ್ತು ಎಣಿಸಿದರು. ಹನ್ನೊಂದಕ್ಕೆ ನಿಲ್ಲಿಸಿದರು.

"ಇಲ್ಲೀ ತನಕ ನಿಮ್ಮತ್ತೇದು. ಅವಳ ಕೈ ಸಡಿಲ, ನೋಡು ಎಷ್ಟು ಆರಾಮಾಗಿದೆ. ಇಲ್ಲಿಂದ ಆಚೆ ನಂದು. ನನ್ನ ಕೈ ಬಿಗಿ. ಅದಕ್ಕೇ ಅಂಚು ಎದ್ದಿದ್ದು."

ಹೌದು, ಕೈ ಹದ ಅನ್ನುವುದು ಕೈಬರಹದ ಹಾಗೆ. ಅದೇ ದಾರ, ಅದೇ ಕಡ್ಡಿ ಕೊಟ್ಟರೂ ಇಬ್ಬರದು ಒಂದೇ ಅಳತೆಗೆ ಬರುವುದಿಲ್ಲ. ಒಳಗಿನ ಸುತ್ತು ಸಡಿಲ, ಹೊರಗಿನದು ಬಿಗಿಯಾದರೆ ಬಟ್ಟೆ ಬಟ್ಟಲಾಗುತ್ತದೆ. ಒಗೆದವರ ತಪ್ಪಲ್ಲ ಅದು.

"ಯಾಕೆ ದೊಡ್ಡಮ್ಮ, ಅತ್ತೆ ಯಾಕೆ ಅರ್ಧಕ್ಕೆ ಬಿಟ್ರು?"

"ಮದುವೆ ಗೊತ್ತಾಯ್ತಲ್ಲ. ಅವಳು ಆ ಮನೆಗೆ ಹೋದ ವಾರಕ್ಕೆ ನಾನು ಈ ಮನೆಗೆ ಬಂದೆ. ನಡುಮನೆ ಗೂಡಲ್ಲಿತ್ತು ಇದು, ಕಡ್ಡಿ ಅದ್ರಲ್ಲೇ ಸಿಕ್ಕಿಸಿತ್ತು."